ಹ್ಯೂಸ್ಟನ್ ರೋಡಿಯೋದಲ್ಲಿ ಒಂದು ದಿನ: ದನ ಮೊದಲು, ಹಾಡು ಕೊನೆಗೆ

ಮಾರ್ಚ್ ಬಂತೆಂದರೆ ಹ್ಯೂಸ್ಟನ್‌ನ ಕನ್ನಡಿಗರ ಮನೆಗಳಲ್ಲಿ ಒಂದೇ ಕಥೆ. ರೋಡಿಯೋ ಜಾತ್ರೆಗೆಂದು ಸಂಜೆ ಐದೂವರೆಗೆ ಮನೆ ಬಿಡುತ್ತಾರೆ. ಕಾರು ನಿಲ್ಲಿಸಲು ಒಂದು ಗಂಟೆ. ಊರಿಂದ ಬಂದ ಹಿರಿಯರನ್ನು ಅರ್ಧ ಮೈಲಿ ನಡೆಸುತ್ತಾರೆ. ಸೀಟು ಸಿಗುವಷ್ಟರಲ್ಲಿ ಅರ್ಧ ರೋಡಿಯೋ ಮುಗಿದಿರುತ್ತದೆ. ಹಾಡು ಶುರುವಾದಾಗ ಮಗು ಕಿವಿ ಮುಚ್ಚಿಕೊಂಡು ಅಳುತ್ತದೆ. "ದನ ತೋರಿಸ್ತೀನಿ ಅಂದಿದ್ದೆಯಲ್ಲ, ಎಲ್ಲಿ?" ಎಂದು ಅಪ್ಪ ಕೇಳುತ್ತಾರೆ. ದನಗಳ ಹಾಲ್‌ನಲ್ಲಿ ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಮೊದಲ ವರ್ಷ ನಾವೂ ಹೀಗೇ ಮಾಡಿದೆವು. ತಪ್ಪು ಆಗುವುದು ಒಂದೇ ಕಡೆ: ಇದನ್ನು ಹಾಡಿನ ಕಾರ್ಯಕ್ರಮ ಅಂದುಕೊಳ್ಳುತ್ತೇವೆ. ಅಲ್ಲಿ ಒಂದೇ ದಿನ ನಾಲ್ಕು ಬೇರೆ ಬೇರೆ ಸಂಗತಿ ನಡೆಯುತ್ತವೆ. ಜಾನುವಾರು ಪ್ರದರ್ಶನ, ಕಾರ್ನಿವಲ್ (ತಿರುಗುವ ಆಟಗಳ ಮೈದಾನ), ರೋಡಿಯೋ (ಗೂಳಿ-ಕುದುರೆ ಸವಾರಿ, ಕುಣಿಕೆ ಎಸೆತದ ಸ್ಪರ್ಧೆಗಳು), ಆಮೇಲೆ ಹಾಡು. ಜಾನುವಾರುಗಳ ಕೆಲಸ ಬೆಳಿಗ್ಗೆಯದು. ಕ್ರಮ ಸರಿಯಾಗಿದ್ದರೆ ದಿನ ತಾನಾಗಿ ಕೂಡಿಬರುತ್ತದೆ.

## 1. ದಿನ ಆರಿಸುವುದು

ಈ ಜಾತ್ರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಶುರುವಾಗಿ ಸುಮಾರು 20 ದಿನ ನಡೆಯುತ್ತದೆ. ಎಲ್ಲರೂ ಮಾಡುವುದೇನು? ಹಾಡುಗಾರರ ಪಟ್ಟಿ ನೋಡಿ ದಿನ ಗುರುತು ಹಾಕುತ್ತಾರೆ. ಅದನ್ನು ಎರಡನೆಯದಾಗಿ ನೋಡಿ. ಮೊದಲು ಜಾನುವಾರು ಪ್ರದರ್ಶನದ ವೇಳಾಪಟ್ಟಿ ತೆಗೆಯಿರಿ.

ಯಾಕೆಂದರೆ ಅಲ್ಲಿ 20 ದಿನವೂ ಅದೇ ಪ್ರಾಣಿಗಳು ಇರುವುದಿಲ್ಲ. ಒಂದು ಗುಂಪು ಟ್ರೈಲರ್ ಹತ್ತಿ ಹೋಗುತ್ತದೆ, ಇನ್ನೊಂದು ಬರುತ್ತದೆ. ಇವತ್ತು ದನ ಕಟ್ಟಿದ ಜಾಗದಲ್ಲಿ ಮುಂದಿನ ವಾರ ಕುರಿ, ಮೇಕೆ ಅಥವಾ ಹಂದಿ ಇರಬಹುದು. ದನ ನೋಡಬೇಕೆಂದು ಬಂದು ಹಂದಿ ಮಾತ್ರ ನೋಡಿ ವಾಪಸ್ ಹೋದವರಿದ್ದಾರೆ. ವೇಳಾಪಟ್ಟಿಯಲ್ಲಿ 'ಬ್ರಾಹ್ಮನ್' ಎಂಬ ದನದ ತಳಿಯ ಹೆಸರು ಇರುವ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ. ಕಾರಣ ಐದನೇ ಹಂತದಲ್ಲಿ ಹೇಳುತ್ತೇನೆ.

ಇನ್ನು ತಪ್ಪಿಸಬೇಕಾದ ದಿನಗಳು. ಶಾಲೆಗಳಿಗೆ ಸ್ಪ್ರಿಂಗ್ ಬ್ರೇಕ್ ಇರುವ ವಾರ ಕಾಲಿಡಲೂ ಜಾಗವಿರುವುದಿಲ್ಲ. ಮೆಕ್ಸಿಕೋ ಮೂಲದ ಟೆಕ್ಸಾಸ್ ಜನರ ಸಂಭ್ರಮದ ಗೋ ತೆಹಾನೋ ದಿನವೂ ಅಷ್ಟೇ. ಆ ಸಂಭ್ರಮ ಬೇಕೆಂದೇ ಹೋಗುವುದಾದರೆ ಸರಿ. ಸುಮ್ನೆ ನೋಡಿಕೊಂಡು ಬರೋಣ ಅನ್ನುವವರಿಗೆ ಮಂಗಳವಾರ, ಬುಧವಾರವೇ ಒಳ್ಳೆಯದು.

ಹೊಸಬರು ಬೀಳುವ ಇನ್ನೊಂದು ಗುಂಡಿ ಇದೆ. ರೋಡಿಯೋ ಶುರುವಾಗುವ ಹಿಂದಿನ ವಾರ ಮೂರು ದಿನ ಅದೇ ಜಾಗದಲ್ಲಿ ಬಾರ್ಬೆಕ್ಯೂ ಸ್ಪರ್ಧೆ ಇರುತ್ತದೆ. ಆಗ ಗೂಳಿಯೂ ಇಲ್ಲ, ಕುದುರೆಯೂ ಇಲ್ಲ. ಹೆಚ್ಚಿನ ಡೇರೆಗಳಿಗೆ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ಸಸ್ಯಾಹಾರಿಗಳು ಹೊಗೆ ಕುಡಿದು ಬರಬೇಕಷ್ಟೇ.

## 2. ಟಿಕೆಟ್

ಎರಡು ಬಗೆ ಇವೆ. ಒಂದು ಸ್ಟೇಡಿಯಂ ಟಿಕೆಟ್. ಇದರಲ್ಲಿ ರೋಡಿಯೋ, ಹಾಡು ಎರಡೂ ಸೇರಿವೆ. ಅದೇ ಸೀಟಿನಲ್ಲಿ ಕೂತು ಎರಡನ್ನೂ ನೋಡುತ್ತೀರಿ. ಆ ದಿನ ಹೊರಗಿನ ಮೈದಾನಕ್ಕೆ, ಜಾನುವಾರು ಹಾಲ್‌ಗೆ ಇದೇ ಟಿಕೆಟ್ ಸಾಕು. ಇನ್ನೊಂದು ಮೈದಾನಕ್ಕೆ ಮಾತ್ರದ ಪಾಸ್. ಇದರಲ್ಲಿ ಸ್ಟೇಡಿಯಂ ಒಳಗೆ ಬಿಡುವುದಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಎರಡನ್ನೂ ಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ನನ್ನ ಸಲಹೆ: ಮೊದಲ ವರ್ಷ ಮೈದಾನದ ಪಾಸ್ ಮಾತ್ರ ತೆಗೆದುಕೊಳ್ಳಿ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಮನೆಗೆ ಬನ್ನಿ. ಮಕ್ಕಳಿಗೆ ಬೇಕಾಗಿರುವುದೆಲ್ಲ ಅಷ್ಟರಲ್ಲೇ ಸಿಗುತ್ತದೆ.

ಬೇರೆಯವರಿಂದ ಟಿಕೆಟ್ ಕೊಳ್ಳುವಾಗ ಒಂದು ಎಚ್ಚರಿಕೆ. ಟಿಕೆಟ್ ಫೋನಿನ ಆ್ಯಪ್‌ನಲ್ಲಿ ನಿಮ್ಮ ಹೆಸರಿಗೆ ವರ್ಗ ಆಗಬೇಕು. "ಸ್ಕ್ರೀನ್‌ಶಾಟ್ ಕಳಿಸ್ತೀನಿ, ಗೇಟಲ್ಲಿ ತೋರಿಸಿ" ಎಂದರೆ ದುಡ್ಡು ಕೊಡಬೇಡಿ.

ಸೀಟಿನ ವಿಷಯ. ಮೇಲಿನ ಮಹಡಿಯ ಟಿಕೆಟ್ ಅಗ್ಗ. ಆದರೆ ಅಲ್ಲಿಂದ ಗೂಳಿ ಇರುವೆಯಂತೆ ಕಾಣುತ್ತದೆ, ದೊಡ್ಡ ಪರದೆಯನ್ನೇ ನೋಡಬೇಕು. ಮಂಡಿ ನೋವಿರುವ ಹಿರಿಯರಿಗೆ ಆ ಕಡಿದಾದ ಮೆಟ್ಟಿಲು ಬೇಡವೇ ಬೇಡ.

## 3. ಹಿಂದಿನ ರಾತ್ರಿಯ ತಯಾರಿ

ಬೇಕಾದ ಸಾಮಾನು ಜಾಸ್ತಿ ಇಲ್ಲ. ಕಾಲು ಪೂರ್ತಿ ಮುಚ್ಚುವ ಹಳೆಯ ಶೂ, ತೆಳು ಜಾಕೆಟ್, ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನ್, ಒಂದು ಜೊತೆ ಬದಲಿ ಬಟ್ಟೆ, ಫೋನ್ ಚಾರ್ಜರ್. ಚೀಲದ ಅಳತೆ, ಹೊರಗಿನ ತಿಂಡಿ ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ರೋಡಿಯೋದ ಅಧಿಕೃತ ಪುಟವನ್ನು ರಾತ್ರಿಯೇ ಒಮ್ಮೆ ನೋಡಿಬಿಡಿ.

ಹೊಸ ಕೌಬಾಯ್ ಬೂಟು ಹಾಕಿಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಬೂಟು ಒಳ್ಳೆಯದೇ, ಹೊಸದು ಬೇಡ. ಈ ಜಾತ್ರೆ ನಡೆಯುವ ಎನ್‌ಆರ್‌ಜಿ ಪಾರ್ಕ್ ಅಂದರೆ ಸುಮಾರು 350 ಎಕರೆ. ಕಚ್ಚುವ ಬೂಟಿನಲ್ಲಿ ಎರಡು ಗಂಟೆಗೆ ಹಿಮ್ಮಡಿ ಬೊಬ್ಬೆ ಬರುತ್ತದೆ. ಚಪ್ಪಲಿಯಂತೂ ಬೇಡ. ದನ ಕಾಲು ತುಳಿದರೆ ಏನಾಗುತ್ತದೆಂದು ಊರಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಸೀರೆ ಉಡುವ ಅಮ್ಮಂದಿರು ನೆರಿಗೆ ಸ್ವಲ್ಪ ಎತ್ತರಕ್ಕೆ ಕಟ್ಟಿಕೊಳ್ಳಲಿ. ಜಾಕೆಟ್ ಯಾಕೆ? ಹೊರಗೆ ಬಿಸಿಲಿದ್ದರೂ ಸ್ಟೇಡಿಯಂ ಒಳಗೆ ಎ.ಸಿ. ಗಡಗಡ ನಡುಗಿಸುತ್ತದೆ.

ಈಗ ಯಾರೂ ಹೇಳದ ಒಂದು ಮಾತು. ಊರಲ್ಲಿ ದನ ಕಟ್ಟಿರುವ ಅಪ್ಪ-ಅಮ್ಮ ವಿಮಾನ ಇಳಿದು ಎರಡೇ ದಿನ ಆಗಿದ್ದರೆ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಬೇಡಿ. ನಮ್ಮಲ್ಲಿ ಕಾಲುಬಾಯಿ ಜ್ವರ ಸಾಮಾನ್ಯ. ಅಮೆರಿಕದಲ್ಲಿ ಅದು ಕೊನೆಯ ಸಲ ಕಾಣಿಸಿದ್ದು 1929ರಲ್ಲಿ. ಆ ರೋಗಾಣು ಬಟ್ಟೆ, ಚಪ್ಪಲಿ, ಅಂಟಿದ ಸಗಣಿಯ ಜೊತೆಗೂ ಬರಬಲ್ಲದು. ಅಂಥ ದೇಶದಿಂದ ಬಂದವರು ಐದು ದಿನ ಜಾನುವಾರುಗಳಿಂದ ದೂರ ಇರಬೇಕು ಎಂಬುದು ಇಲ್ಲಿನ ಸಲಹೆ. ಊರಿನ ಹಟ್ಟಿಯಲ್ಲಿ ಹಾಕಿದ ಶೂ ಇಲ್ಲಿನ ಹಾಲ್‌ಗೆ ಬೇಡ. ಇಲ್ಲೇ ಕೊಂಡ ಶೂ ಹಾಕಿಸಿ.

## 4. ಹೋಗುವ ದಾರಿ

ರೈಲು. ರೈಲು. ರೈಲು. ಮೆಟ್ರೋರೈಲಿನ ರೆಡ್ ಲೈನ್‌ನಲ್ಲಿ ಸ್ಟೇಡಿಯಂ ಪಾರ್ಕ್/ಆಸ್ಟ್ರೋಡೋಮ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಜಾತ್ರೆ. ಕಾರನ್ನು ಆ ರೈಲಿನ ದಾರಿಯಲ್ಲಿ ಪಾರ್ಕಿಂಗ್ ಇರುವ ಕಡೆ ನಿಲ್ಲಿಸಿ ರೈಲು ಹತ್ತಿ. ಊರಿನ ಬೇರೆ ಬೇರೆ ಭಾಗಗಳಿಂದ ಪಾರ್ಕ್ ಆ್ಯಂಡ್ ರೈಡ್ ಬಸ್ಸುಗಳೂ ಇರುತ್ತವೆ. ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಿ.

ನಡೆಯಲಾಗದ ಹಿರಿಯರಿದ್ದರೆ ಕಾರೇ ಸರಿ. ಪಾರ್ಕಿಂಗ್ ಮೊದಲೇ ಕೊಂಡಿರಬೇಕು, ವೀಲ್‌ಚೇರ್ ಡಿಕ್ಕಿಯಲ್ಲಿ ಇರಬೇಕು. ಅದಕ್ಕೆ ನಾಚಿಕೆ ಬೇಡ. ನಮ್ಮ ಮಾವ "ನನಗ್ಯಾಕ್ ಗಾಡಿ, ನಾ ಏನ್ ಮುದುಕನಾ?" ಎಂದು ಬೈದರು. ಮಧ್ಯಾಹ್ನ ಅದರಲ್ಲೇ ಕೂತು ನಿದ್ದೆ ಹೊಡೆದರು.

## 5. ಬೆಳಿಗ್ಗೆ: ಕೊಟ್ಟಿಗೆಗೆ ಮೊದಲು

ಬಾಗಿಲು ತೆರೆದ ಕೂಡಲೇ ಜಾನುವಾರುಗಳ ಹಾಲ್ ಇರುವ ಎನ್‌ಆರ್‌ಜಿ ಸೆಂಟರ್ ಒಳಗೆ ಹೋಗಿ. ದಾರಿಯಲ್ಲಿ ಬೂಟು, ಟೋಪಿ, ಬೆಲ್ಟ್ ಮಾರುವ ಅಂಗಡಿಗಳ ಸಾಲು ಸಿಗುತ್ತದೆ. ಅಲ್ಲಿ ನಿಂತರೆ ಕೆಟ್ಟಿರಿ. ಅಂಗಡಿ ಸಂಜೆಯೂ ಇರುತ್ತದೆ, ದನ ಇರುವುದಿಲ್ಲ. ಸೀದಾ ಹಿಂದಕ್ಕೆ, ಹುಲ್ಲಿನ ವಾಸನೆ ಬರುವ ಕಡೆ ನಡೆಯಿರಿ.

ಮೊದಲು ನೋಡಬೇಕಾದ್ದು ಸ್ಪರ್ಧೆಯ ಅಂಗಳವನ್ನಲ್ಲ. ಅದರ ಹಿಂದೆ ಪ್ರಾಣಿಗಳನ್ನು ತಯಾರು ಮಾಡುವ ಜಾಗವನ್ನು. ಶಾಲೆ ಹುಡುಗ ಹುಡುಗಿಯರು ತಮ್ಮ ದನಕ್ಕೆ ಸ್ನಾನ ಮಾಡಿಸಿ, ಬ್ಲೋಯರ್‌ನಲ್ಲಿ ಮೈ ಒಣಗಿಸಿ, ಕೂದಲು ಬಾಚಿ, ಬಾಲ ಸಿಂಗರಿಸುತ್ತಿರುತ್ತಾರೆ. ಸಂಕ್ರಾಂತಿಗೆ ಎತ್ತು ಮೈ ತೊಳೆಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೊಂಬಿಗೆ ಬಣ್ಣ ಹಚ್ಚುವುದೊಂದೇ ಬಾಕಿ. ಇವರು 4-ಎಚ್ ಅಥವಾ ಎಫ್‌ಎಫ್‌ಎ ಎಂಬ, ಕೃಷಿ ಕಲಿಯುವ ಮಕ್ಕಳ ಸಂಘಗಳವರು. ಪ್ರಾಣಿಯನ್ನು ತಾವೇ ಸಾಕಿರುತ್ತಾರೆ. ಕೇಳಿದರೆ ಖುಷಿಯಿಂದ ಮಾತಾಡುತ್ತಾರೆ. ಏನು ಮೇವು, ಎಷ್ಟು ತೂಕ, ಹೆಸರೇನು ಎಂದು ಕೇಳಿ. ನಿಮ್ಮ ಮಗುವೇ ಕೇಳಿದರೆ ಇನ್ನೂ ಚೆಂದ. ಆದರೆ ಅವರು ಅಂಗಳಕ್ಕೆ ಹೊರಡುವ ಅವಸರದಲ್ಲಿದ್ದರೆ ಬಿಟ್ಟುಬಿಡಿ.

ಇಲ್ಲಿ ನಡೆಯಬೇಕಾದ ರೀತಿ:

ಕೇಳದೆ ಮುಟ್ಟಬೇಡಿ. ಗಂಟೆಗಟ್ಟಲೆ ಬಾಚಿದ ಕೂದಲು ಅದು. ಹಿಂದಿನಿಂದ ಹೋಗಬೇಡಿ, ಒದೆ ಬೀಳುತ್ತದೆ. "ಹೆಡ್ಸ್ ಅಪ್!" ಎಂಬ ಕೂಗು ಕೇಳಿದರೆ ಹಿಂದೆ ಪ್ರಾಣಿ ಬರುತ್ತಿದೆ ಎಂದರ್ಥ. ಫೋಟೋ ಬಿಟ್ಟು ಪಕ್ಕಕ್ಕೆ ಸರಿಯಿರಿ, ಮಗುವಿನ ಕೈ ಹಿಡಿಯಿರಿ. ದನ ಕಿವಿ ಹಿಂದಕ್ಕೆ ಒತ್ತಿ ಬಾಲ ಬೀಸುತ್ತಿದ್ದರೆ, ಕಾಲು ಬದಲಿಸುತ್ತಿದ್ದರೆ ದೂರ ನಿಲ್ಲಿ. ತಳ್ಳುಗಾಡಿಯನ್ನು ಈ ಸಾಲುಗಳೊಳಗೆ ತರದಿದ್ದರೆ ಎಲ್ಲರಿಗೂ ಸುಖ.

ಆಮೇಲೆ ಸ್ಪರ್ಧೆಯ ಅಂಗಳಕ್ಕೆ ಬನ್ನಿ. ಪ್ರಾಣಿಗಳು ಸಾಲಾಗಿ ಸುತ್ತುತ್ತವೆ. ತೀರ್ಪುಗಾರ ಮುಟ್ಟಿ, ನಡಿಗೆ ನೋಡಿ, ಸಾಲು ಬದಲಿಸಿ ನಿಲ್ಲಿಸುತ್ತಾನೆ. ಅಷ್ಟಕ್ಕೇ ಎದ್ದು ಹೋಗಬೇಡಿ. ಕೊನೆಗೆ ಅವನು ಮೈಕ್ ಹಿಡಿದು ಯಾವುದು ಯಾಕೆ ಮೊದಲು, ಯಾವುದು ಯಾಕೆ ಎರಡನೆಯದು ಎಂದು ಹೇಳುತ್ತಾನೆ. ಬೆನ್ನು, ಸೊಂಟ, ಕಾಲಿನ ನಿಲುವು ಎಲ್ಲ ಬರುತ್ತದೆ. ನಮ್ಮ ದನಗಳ ಜಾತ್ರೆಯಲ್ಲಿ ಸುಳಿ ನೋಡುವವರು, ಹಲ್ಲು ಎಣಿಸುವವರು ಮಾತಾಡುವ ಹಾಗೆಯೇ. ಹಿರಿಯರಿಗೆ ಅನುವಾದ ಮಾಡಿ ಹೇಳಿ, ಅವರದೂ ಒಂದು ತೀರ್ಪು ತಯಾರಾಗಿರುತ್ತದೆ.

ಬ್ರಾಹ್ಮನ್ ದನದ ಮಾತಿಗೆ ಬರೋಣ. ಬೂದು ಅಥವಾ ಕೆಂಪು ಬಣ್ಣ, ಎತ್ತರದ ಹಿಣಿಲು, ಜೋಲುವ ಗಂಗೆದೊಗಲು, ಉದ್ದ ಕಿವಿ. ಆಂಗಸ್, ಹೆರೆಫರ್ಡ್‌ ತಳಿಯ ದನಗಳ ನಡುವೆ ನೆಂಟರ ಮನೆಗೆ ಬಂದ ಹಾಗೆ ನಿಂತಿರುತ್ತದೆ. ನಿಜವಾಗಿಯೂ ನೆಂಟರೇ. ಭಾರತದಿಂದ ಹೋದ ಕಾಂಕ್ರೇಜ್, ಗೀರ್, ಓಂಗೋಲ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ತೀರದ 'ಕೃಷ್ಣಾ ವ್ಯಾಲಿ' ತಳಿಯ ರಕ್ತವೂ ಇದರಲ್ಲಿ ಸೇರಿದೆ. ಬಿಸಿಲು ಮತ್ತು ಉಣ್ಣಿಯ ಕಾಟ ತಡೆಯುತ್ತದೆಂದು ಟೆಕ್ಸಾಸ್‌ನವರು ಇದನ್ನು ಬೆಳೆಸಿದರು. ಇದರ ತಳಿಗಾರರ ಸಂಘ ಶುರುವಾಗಿದ್ದು 1924ರಲ್ಲಿ. ನಮ್ಮ ಮಾವ ಜಮಖಂಡಿ ಕಡೆಯವರು. ಆ ಹೋರಿಯ ಮುಂದೆ ಐದು ನಿಮಿಷ ಸುಮ್ಮನೆ ನಿಂತರು. "ನೋಡವಾ, ಇದು ನಮ್ಮ ದನಾನ ಐತಿ. ಖರೇನ ಚಲೋ ತಿನ್ಸ್ಯಾರ" ಎಂದರು. ಇಡೀ ದಿನದಲ್ಲಿ ಅವರಿಗೆ ಇಷ್ಟವಾದದ್ದು ಅದೊಂದೇ.

ಮಕ್ಕಳಿದ್ದರೆ ಮುಂದಿನ ನಿಲ್ದಾಣ ಆ್ಯಗ್‌ವೆಂಚರ್. ಮರಿ ಹಾಕುವ ಪ್ರಾಣಿಗಳ ವಿಭಾಗ, ಮೊಟ್ಟೆಯಿಂದ ಹೊರಬರುವ ಕೋಳಿಮರಿ, ಜೇನು, ಮುಟ್ಟಬಹುದಾದ ಮೇಕೆಮರಿಗಳು. ಇಲ್ಲಿಂದ ಹೊರಬಂದ ಕೂಡಲೇ ಸೋಪು ಹಚ್ಚಿ, ನೀರಲ್ಲಿ ಕೈ ತೊಳೆಸಿ. ಸ್ಯಾನಿಟೈಸರ್ ಮಾತ್ರ ಸಾಲದು. ಇಂಥ ಕಡೆಯಿಂದ ಇ. ಕೋಲೈ ಎಂಬ ರೋಗಾಣು ಹೊಟ್ಟೆಗೆ ಹೋದದ್ದುಂಟು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಕಿಡ್ನಿಯವರೆಗೂ ಹೋಗಬಹುದು. ಒಳಗೆ ಇರುವಷ್ಟು ಹೊತ್ತು ಬಿಸ್ಕತ್ತು, ಹಾಲಿನ ಬಾಟಲಿ, ನಿಪ್ಪಲ್ ಯಾವುದೂ ಹೊರಗೆ ತೆಗೆಯಬೇಡಿ. ಮುಂದಿನ ದಿನಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಪ್ರಾಣಿಗಳನ್ನು ಮುಟ್ಟಿದ್ದೆವು ಎಂದು ಅವರಿಗೆ ಹೇಳಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಸ್ಟಿಯರ್ ಅಂದರೆ ಬೀಜ ಒಡೆದ ಹೋರಿ. ಮಾಂಸಕ್ಕೆಂದು ಸಾಕಿದ್ದು. ಗೆದ್ದದ್ದು ಹರಾಜಿಗೆ ಹೋಗುತ್ತದೆ. 2022ರಲ್ಲಿ ಮೊದಲ ಬಹುಮಾನದ ಸ್ಟಿಯರ್ 10 ಲಕ್ಷ ಡಾಲರ್‌ಗೆ ಹೋಯಿತು. ಅದರ ಕೊರಳು ತಬ್ಬಿ ಅಳುವ ಮಕ್ಕಳು ಕಾಣಿಸುತ್ತಾರೆ. "ಯಾಕೆ ಅಳ್ತಿದಾರೆ?" ಎಂದು ನಿಮ್ಮ ಮಗು ಕೇಳುತ್ತದೆ. ಉತ್ತರ ಮನೆಯಿಂದಲೇ ಯೋಚಿಸಿಕೊಂಡು ಬನ್ನಿ.

## 6. ಊಟ

ಬೆಳಿಗ್ಗೆ ಮನೆಯಲ್ಲಿ ಹೊಟ್ಟೆ ತುಂಬ ತಿಂದು ಬನ್ನಿ. ಹನ್ನೊಂದೂವರೆಗೇ ಊಟ ಮುಗಿಸಿದರೆ ಸಾಲು ಚಿಕ್ಕದು.

ಸಸ್ಯಾಹಾರಿಗಳಿಗೆ ಬೆಣ್ಣೆ ಹಚ್ಚಿದ ಸುಟ್ಟ ಮೆಕ್ಕೆಜೋಳ, ಬೇಯಿಸಿದ ದೊಡ್ಡ ಆಲೂಗಡ್ಡೆ, ಚೀಸ್ ಪಿಜ್ಜಾ ಸಿಗುತ್ತವೆ. ಆಲೂಗಡ್ಡೆಗೆ "ಬೇಕನ್ (ಹಂದಿ ಮಾಂಸದ ಚೂರು) ಬೇಡ" ಎಂದು ಮೊದಲೇ ಹೇಳಿ. ಮೋಸ ಹೋಗುವುದು ಬೀನ್ಸ್‌ನಲ್ಲಿ. ಟೆಕ್ಸಾಸ್‌ನ ಬೀನ್ಸ್ ನೋಡಲು ನಮ್ಮ ಕಾಳಿನ ಪಲ್ಯದಂತೆ ಇದ್ದರೂ ಅದರಲ್ಲಿ ಹಂದಿಯ ತುಂಡು ಅಥವಾ ಕೊಬ್ಬು ಇರುವುದೇ ಹೆಚ್ಚು. "ಮೀಟ್ ಇದೆಯಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂದುಬಿಡುತ್ತಾರೆ. "ಬೇಕನ್, ಲಾರ್ಡ್ (ಹಂದಿ ಕೊಬ್ಬು) ಇದೆಯಾ?" ಎಂದು ಕೇಳಿ. ಎಣ್ಣೆಯಲ್ಲಿ ಕರಿದ ಸಿಹಿ ಫನಲ್ ಕೇಕ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

## 7. ಕಾರ್ನಿವಲ್

ಬೇಗ ಹೋಗಿ, ಬೇಗ ಬನ್ನಿ. ಒಳಗೆ ಹೋಗಲು ಬೇರೆ ದುಡ್ಡು ಬೇಕಿಲ್ಲ, ಆಟಕ್ಕೆಲ್ಲ ದುಡ್ಡು. ಆಟದ ಟಿಕೆಟ್ ಬೇರೆಯಾಗಿ ಕೊಳ್ಳಬೇಕು. ಮಗುವಿಗೆ ಇಷ್ಟೇ ಎಂದು ಮೊದಲೇ ಹೇಳಿ ಒಳಗೆ ಹೋಗಿ, ಇಲ್ಲದಿದ್ದರೆ ನೂರು ಡಾಲರ್ ಗಾಳಿಗೆ ಹೋಗಿರುತ್ತದೆ. ಊಟ ಆದ ಕೂಡಲೇ ಬಿರುಸಿನ ಆಟ ಬೇಡ. ಇದನ್ನು ಹೇಗೆ ಕಲಿತೆ ಎಂದು ಕೇಳಬೇಡಿ.

'ಮಟನ್ ಬಸ್ಟಿನ್' ಎಂದು ಒಂದಿದೆ. ಪುಟ್ಟ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಕುರಿಯ ಬೆನ್ನು ತಬ್ಬಿ ಸವಾರಿ ಮಾಡುತ್ತಾರೆ. ಐದಾರು ವರ್ಷದ, 55 ಪೌಂಡ್, ಅಂದರೆ ಸುಮಾರು 25 ಕೆ.ಜಿ. ಮೀರದ ಮಕ್ಕಳಿಗೆ ಮಾತ್ರ. ಮೊದಲೇ ಹೆಸರು ಕೊಟ್ಟಿರಬೇಕು. ಅಲ್ಲೇ ಹೋಗಿ ಹತ್ತಿಸುತ್ತೇವೆ ಎಂದು ಮಗುವಿಗೆ ಮಾತು ಕೊಡಬೇಡಿ.

## 8. ರೋಡಿಯೋ: ಏನು ನೋಡಬೇಕು

ವಾರದ ದಿನಗಳಲ್ಲಿ ಸಂಜೆ 6:45ಕ್ಕೆ ಶುರು. ಶನಿವಾರ, ಭಾನುವಾರ ಅದಕ್ಕಿಂತ ಮೊದಲೇ ಇರಬಹುದು, ಟಿಕೆಟ್ ನೋಡಿ. ಅರ್ಧ ಗಂಟೆ ಮೊದಲೇ ಸೀಟಿನಲ್ಲಿರಿ. ಶುರುವಿಗೇ ಪಟಾಕಿ ಹಾರುತ್ತದೆ, ಮಗುವಿಗೆ ಹೆಡ್‌ಫೋನ್ ಆಗಲೇ ಹಾಕಿರಿ. ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು, ಗಂಡಸರು ಟೋಪಿ ತೆಗೆಯಬೇಕು.

ನಿಯಮ ಗೊತ್ತಿಲ್ಲದಿದ್ದರೆ ಎರಡು ಗಂಟೆ ಬರೀ ಧೂಳು ಕಾಣುತ್ತದೆ. ಇಷ್ಟು ತಿಳಿದಿದ್ದರೆ ಸಾಕು.

ಗೂಳಿ ಅಥವಾ ಕುದುರೆಯ ಮೇಲೆ 8 ಸೆಕೆಂಡ್ ಕೂತಿರಬೇಕು, ಒಂದೇ ಕೈಯಲ್ಲಿ ಹಿಡಿದು. ಇನ್ನೊಂದು ಕೈ ಪ್ರಾಣಿಗೆ ತಗುಲಿದರೆ ಅಂಕವಿಲ್ಲ. ಒಟ್ಟು 100 ಅಂಕ. ಅರ್ಧ ಸವಾರನಿಗೆ, ಅರ್ಧ ಪ್ರಾಣಿಗೆ. ಅಂದರೆ ಗೂಳಿ ಸುಮ್ಮನೆ ಓಡಿದರೆ ಸವಾರನಿಗೂ ನಷ್ಟ. ಕುದುರೆ ಸವಾರಿಯಲ್ಲಿ ಬಾಗಿಲು ತೆರೆದ ಮೊದಲ ನೆಗೆತವನ್ನೇ ನೋಡಿ. ಕುದುರೆಯ ಮುಂಗಾಲು ನೆಲ ಮುಟ್ಟುವಾಗ ಸವಾರನ ಎರಡೂ ಪಾದ ಅದರ ಭುಜಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಆಮೇಲೆ ಎಷ್ಟು ಚೆನ್ನಾಗಿ ಕೂತರೂ ಔಟ್. "ಬೀಳಲಿಲ್ಲವಲ್ಲ, ಯಾಕೆ ಸೊನ್ನೆ?" ಎಂದು ಪಕ್ಕದವರು ಕೇಳುವುದು ಇಲ್ಲೇ.

ಹೊಟ್ಟೆಯ ಹಿಂಭಾಗಕ್ಕೆ ಕಟ್ಟಿದ ಪಟ್ಟಿ ನೋಡಿ "ಬೀಜಕ್ಕೆ ಹಗ್ಗ ಬಿಗಿದಿದ್ದಾರೆ" ಎಂದು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಅದು ಸುಳ್ಳು. ಪಟ್ಟಿ ಇರುವುದು ಸೊಂಟದ ಸುತ್ತ, ಹಿಂಗಾಲು ಎತ್ತಿ ಝಾಡಿಸಲಿ ಎಂದು. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಕಂಬಳದ ಬೆತ್ತ, ಹೋರಿ ಬೆದರಿಸುವ ಆಟ ನೋಡಿದವರಿಗೆ ಆ ಜಗಳ ಹೊಸದಲ್ಲ.

ಬ್ಯಾರಲ್ ರೇಸ್ ಹೆಂಗಸರದು. ಕುದುರೆಯ ಮೇಲೆ ಮೂರು ಡ್ರಮ್ ಸುತ್ತಿ ಬರಬೇಕು, ಒಂದು ಉರುಳಿದರೆ 5 ಸೆಕೆಂಡ್ ಸೇರುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಗೆಲುವು ತೀರ್ಮಾನ ಆಗುವ ಆಟದಲ್ಲಿ ಅದು ಸೋತ ಹಾಗೆಯೇ. ಟೀಮ್ ರೋಪಿಂಗ್‌ನಲ್ಲಿ ಓಡುವ ಸ್ಟಿಯರ್‌ನ ಕೊಂಬಿಗೆ ಒಬ್ಬ, ಹಿಂಗಾಲಿಗೆ ಇನ್ನೊಬ್ಬ ಕುಣಿಕೆ ಎಸೆಯುತ್ತಾನೆ. ಒಂದೇ ಕಾಲು ಸಿಕ್ಕರೆ 5 ಸೆಕೆಂಡ್ ದಂಡ.

ಟೈ-ಡೌನ್ ರೋಪಿಂಗ್ ಬಗ್ಗೆ ಮಾತ್ರ ಎಚ್ಚರ. ಓಡುವ ಕರುವಿನ ಕೊರಳಿಗೆ ಕುಣಿಕೆ ಹಾಕಿ, ನೆಲಕ್ಕೆ ಕೆಡವಿ, ಮೂರು ಕಾಲು ಕಟ್ಟುತ್ತಾರೆ. ಕಟ್ಟು 6 ಸೆಕೆಂಡ್ ನಿಲ್ಲಬೇಕು. ಕರು ಸಾಕಿದ ಅಮ್ಮಂದಿರಿಗೆ ಇದು ನೋಡಲಾಗುವುದಿಲ್ಲ. ನಮ್ಮ ಅತ್ತೆ ಎದ್ದು ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ. ಈಗ ನಾನು ಅದರ ಹೆಸರು ಕೂಗಿದ ಕೂಡಲೇ ಹಿರಿಯರನ್ನು ಕರೆದುಕೊಂಡು ಕಾಫಿಗೆ ಹೋಗುತ್ತೇನೆ.

ಮಕ್ಕಳಿಗೆ ಇಷ್ಟವಾಗುವುದು ಕಾಫ್ ಸ್ಕ್ರಾಂಬಲ್. 14 ಕರುಗಳು, 28 ಹುಡುಗ ಹುಡುಗಿಯರು. ಹಿಡಿದು, ಹಗ್ಗ ಹಾಕಿ, ಎಳೆದು ನಡುವಿನ ಚೌಕಕ್ಕೆ ತರಬೇಕು. ಹಿಡಿದವರಿಗೆ ಸಾಕಲು ಒಂದು ಕರು ಕೊಳ್ಳುವಷ್ಟು ದುಡ್ಡಿನ ಪತ್ರ. ಕರು ಕೂತುಬಿಟ್ಟಾಗ ಇಡೀ ಸ್ಟೇಡಿಯಂ ಕೂಗುತ್ತದೆ.

## 9. ಹೊರಡುವುದು

ಗೂಳಿ ಸವಾರಿ ಸಾಮಾನ್ಯವಾಗಿ ಕೊನೆಯ ಕಡೆಗೆ ಬರುತ್ತದೆ. ಅದು ಮುಗಿದು ವೇದಿಕೆ ತರುವ ಹೊತ್ತಿಗೆ ನಿರ್ಧಾರ ಮಾಡಿ. ಮಗು ನಿದ್ದೆಗೆ ಜಾರುತ್ತಿದ್ದರೆ, ಹಿರಿಯರು ಮಾತು ನಿಲ್ಲಿಸಿದ್ದರೆ, ಆಗಲೇ ಎದ್ದುಬಿಡಿ. ಹಾಡು ಕೇಳಲೇಬೇಕು ಎಂದಿದ್ದರೆ ಕೊನೆಯ ಎರಡು ಹಾಡು ಬಿಟ್ಟು ಹೊರಡಿ. ಎಲ್ಲ ಮುಗಿದ ಮೇಲೆ ಹೊರಟರೆ ರೈಲು ನಿಲ್ದಾಣದಲ್ಲಿ ಸಾವಿರಾರು ಜನರ ಜೊತೆ ನಿಲ್ಲಬೇಕಾಗುತ್ತದೆ.

ಕಾರು ಹತ್ತುವ ಮೊದಲು ಶೂ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಮನೆಯ ಹೊರಗೇ ತೊಳೆದು ಒಣಗಲು ಬಿಡಿ. ಸೀಟಿನ ಕೆಳಗೆ ಮರೆತರೆ ವಾರ ಪೂರ್ತಿ ಕಾರಿನಲ್ಲಿ ಕೊಟ್ಟಿಗೆಯ ವಾಸನೆ. ನಮ್ಮ ಮಾವನಿಗೇನೋ ಅದು ಇಷ್ಟವಾಗಿತ್ತು.